ಅಪ್ಪನ ಅಂಬಾಸಿಡರ್‌ಗೆ ಗುಜರಿ ಎಂಜಿನ್ ಕೂರಿಸಬಹುದೇ?

ಪ್ರಶ್ನೆ: ನಾನು ಗದಗಿನವನು. ನಮ್ಮ ಮನೆಯಲ್ಲಿ 1972ರ ಅಂಬಾಸಿಡರ್ ಮಾರ್ಕ್ 2 ಪೆಟ್ರೋಲ್ ಕಾರಿದೆ. ಹತ್ತಿ ಅಡತಿ ಅಂಗಡಿ ಇದ್ದಾಗ ಅಜ್ಜ ಕೊಂಡದ್ದು. ಅಪ್ಪ ಡ್ರೈವಿಂಗ್ ಕಲಿತದ್ದು ಇದರಲ್ಲೇ. ಈಗ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ ಬರುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಡೋಣಿ ಕಡೆ ಕಪ್ಪತಗುಡ್ಡದ ಏರು ಹತ್ತಿಸಿದರೆ ನೀರು ಕುದಿಯುತ್ತದೆ, ಎಂಜಿನ್ ಒಳಗೆ ಟಕಟಕ ಸದ್ದು. ಕ್ಲಚ್ ಕೆಳಗೆ ಆಯಿಲ್ ಸೋರುತ್ತದೆ. ನಮ್ಮ ಮೆಕ್ಯಾನಿಕ್ ನೋಡಿ, 'ಬ್ಲಾಕ್ ಹೋಗೇತ್ರಿ, ಇದಕ್ಕ ರೊಕ್ಕ ಹಾಕಿದ್ರ ದಂಡ. ಬ್ಯಾರೆ ಎಂಜಿನ್ ಕುಂದ್ರಸೂಣು' ಎಂದರು. ರಿಪೇರಿಗೆ 70 ಸಾವಿರ ಆಗಬಹುದಂತೆ. ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ಅಂಬಾಸಿಡರ್ ಪೆಟ್ರೋಲ್ ಎಂಜಿನ್ ಇದೆ. ಸ್ಟಾರ್ಟ್ ಮಾಡಿ ತೋರಿಸಿದರು. ಬರೀ 40 ಸಾವಿರ ಕಿಲೋಮೀಟರ್ ಓಡಿದೆ ಅನ್ನುತ್ತಾರೆ. 30 ಸಾವಿರ ಹೇಳಿದ್ದಾರೆ, ನಮ್ಮ ಹಳೇ ಎಂಜಿನ್ ಕೊಟ್ಟರೆ 6 ಸಾವಿರ ಕಡಿಮೆ. ಇನ್ನೊಬ್ಬರು ಮೆಟಡೋರ್ ಡೀಸೆಲ್ ಎಂಜಿನ್ ಹಾಕಿಸಿ ಅನ್ನುತ್ತಾರೆ. ಆರ್‌ಟಿಒದಲ್ಲಿ ತೊಂದರೆ ಆಗುತ್ತದೆಯೇ? ವಿಂಟೇಜ್ ಅಂತ ನೋಂದಣಿ ಮಾಡಿಸುವ ಆಸೆಯೂ ಇದೆ. ನಾಲ್ಕು ತಿಂಗಳಲ್ಲಿ ತಂಗಿಯ ಮದುವೆ. ಅಪ್ಪನಿಗೆ ಈಗ 76. ಮದುಮಗಳನ್ನು ಈ ಕಾರಿನಲ್ಲೇ ಕರೆದೊಯ್ಯಬೇಕು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೊಗೆ, ಸದ್ದು, ಬಿಸಿ, ಸೋರಿಕೆ ಎಲ್ಲವನ್ನೂ ಬರೆದಿದ್ದೀರಿ. ಒಂದು ಮಾತು ಮಾತ್ರ ಅದರಲ್ಲಿಲ್ಲ. ಎಂಜಿನ್ ಬಿಚ್ಚಿ ನೋಡಿದೆವು ಎಂಬ ಮಾತು. ಎಂಜಿನ್ನಿನ ಮೇಲಿನ, ವಾಲ್ವ್ ಇರುವ ಭಾಗವಾದ ಹೆಡ್ ತೆಗೆದಿಲ್ಲ, ಪಿಸ್ಟನ್ ಓಡಾಡುವ ಸಿಲಿಂಡರಿನ ಒಳ ಅಗಲ ಅಂದರೆ ಬೋರ್ ಅಳೆದಿಲ್ಲ, ಸಿಲಿಂಡರಿನ ಒತ್ತಡ ತೋರಿಸುವ ಕಂಪ್ರೆಷನ್ ಗೇಜ್ ಕೂಡ ಹಾಕಿದಂತಿಲ್ಲ. ಆದರೂ ಎಂಜಿನ್ನಿನ ಮುಖ್ಯ ಮೈಯಾದ ಬ್ಲಾಕೇ ಹೋಗಿದೆ ಎಂದು ತೀರ್ಮಾನವಾಗಿದೆ. ಅದಕ್ಕೇ ಮೊದಲು ಇಷ್ಟು ಹೇಳಿಬಿಡುತ್ತೇನೆ: ನಿಮ್ಮ ಎಂಜಿನ್ ಬಿಚ್ಚಿ ಅಳೆಯುವ ತನಕ ಗುಜರಿಗೆ ಮುಂಗಡ ಕೊಡಬೇಡಿ. ಆ 6 ಸಾವಿರದ ಆಸೆಗೆ ಹಳೇ ಎಂಜಿನ್ ಅಂತೂ ಖಂಡಿತ ಕೊಡಬೇಡಿ.

ನಾನು ಹುಬ್ಬಳ್ಳಿಯಲ್ಲಿ ಎಂಜಿನ್ ಬೋರಿಂಗ್, ಕ್ರ್ಯಾಂಕ್ ಗ್ರೈಂಡಿಂಗ್ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನು. ಅಂಬಾಸಿಡರ್ ಬ್ಲಾಕುಗಳು ನನ್ನ ಮೇಜಿನ ಮೇಲೆ ಎಷ್ಟೋ ಬಂದು ಹೋಗಿವೆ. ಅವುಗಳಲ್ಲಿ ನಿಜವಾಗಿ ಕೈಬಿಡಬೇಕಾದವು ಬಹಳ ಕಡಿಮೆ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕಿನ ಗೋಡೆ ತೂತು ಮಾಡಿಕೊಂಡವು, ಇಲ್ಲವೇ ನೀರಿನ ದಾರಿಯಲ್ಲಿ ದೊಡ್ಡ ಬಿರುಕು ಬಿಟ್ಟವು, ಅಷ್ಟೇ. ನಿಮ್ಮ ಕಾರು ಇನ್ನೂ ಏರು ಹತ್ತುತ್ತಿದೆ. ಅಂದರೆ ಆ ಸ್ಥಿತಿಗೆ ಹೋಗಿಲ್ಲ.

ನಿಮ್ಮ ಎಂಜಿನ್ ಯಾವುದು ಅಂತ ಮೊದಲು ತಿಳಿಯೋಣ. ಇದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ಎಂಜಿನ್. 1489 ಸಿಸಿ, ನಾಲ್ಕು ಸಿಲಿಂಡರ್, ಬ್ಲಾಕೂ ಬೀಡು, ಹೆಡ್ಡೂ ಬೀಡು, ಅಂದರೆ ಎರಕದ ಕಬ್ಬಿಣ. ಪಿಸ್ಟನ್ನುಗಳ ಬಲದಿಂದ ತಿರುಗುವ ದಂಡವಾದ ಕ್ರ್ಯಾಂಕ್‌ಗೆ ಮೂರೇ ಮೇನ್ ಬೇರಿಂಗ್. ಹೊಸದರಲ್ಲಿ ಬೋರ್ 73.025 ಮಿಲಿಮೀಟರ್. ಸವೆದರೆ 10, 20, 30, 40 ಸೈಜ್ ತನಕ ಬೋರ್ ಮಾಡಿ ದಪ್ಪ ಪಿಸ್ಟನ್ ಹಾಕಬಹುದು. 40 ಸೈಜ್ ಅಂದರೆ ಒಂದು ಇಂಚಿನ ಸಾವಿರ ಪಾಲಿನಲ್ಲಿ 40 ಪಾಲು, ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಅದೂ ಮುಗಿದಿದ್ದರೆ ಸ್ಲೀವ್ ಅಂದರೆ ಒಳಕೊಳವೆ ಒತ್ತಿ ಮತ್ತೆ ಸ್ಟ್ಯಾಂಡರ್ಡ್ ಅಳತೆಗೆ ತರಬಹುದು. ಬೋರ್ ಮುಗಿದರೆ ಬ್ಲಾಕ್ ಮುಗಿಯಿತು ಎಂಬ ಮಾತು ತಪ್ಪಾಗುವುದು ಇಲ್ಲೇ.

ಈಗ ನಿಮ್ಮ ಕಾರಿನ ಲಕ್ಷಣಗಳಿಗೆ ಬರುತ್ತೇನೆ.

ಬೆಳಗ್ಗೆ ನೀಲಿ ಹೊಗೆ ಬಂದು ಆಮೇಲೆ ಕಡಿಮೆಯಾಗುತ್ತದೆ ಅಂದಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಹೆಡ್ ಮೇಲಿನ ಆಯಿಲ್ ಸವೆದ ವಾಲ್ವ್ ಗೈಡ್ ಮೂಲಕ ಕೆಳಗಿಳಿದು ಕೂತಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಅದು ಸುಡುತ್ತದೆ. ಇದು ಹೆಡ್ಡಿನ ತೊಂದರೆ. ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಹೊಗೆ ಬಿಡುವು ಕೊಡುವುದಿಲ್ಲ, ಎಕ್ಸಲರೇಟರ್ ಒತ್ತಿದಷ್ಟೂ ಜಾಸ್ತಿಯಾಗುತ್ತದೆ. ನಿಮ್ಮ ಮೆಕ್ಯಾನಿಕ್ ಎರಡನ್ನೂ ಒಂದೇ ಅಂತ ನೋಡಿರಬಹುದು. ವಾಲ್ವ್ ಗೈಡ್ ಬದಲಿಸುವುದಕ್ಕೂ ಪೂರ್ತಿ ಎಂಜಿನ್ ಬದಲಿಸುವುದಕ್ಕೂ ಖರ್ಚಿನಲ್ಲಿ ಎಷ್ಟು ಅಂತರ ಅಂತ ನಾನು ಹೇಳಬೇಕಿಲ್ಲ ಅಲ್ವಾ?

ಕ್ಲಚ್ ಕೆಳಗಿನ ಆಯಿಲ್ ಸೋರಿಕೆ ನೋಡಿ ಹೆದರಬೇಡಿ. ಈ ಮೂರು ಬೇರಿಂಗಿನ ಎಂಜಿನ್ನಿನ ಹಿಂಬದಿಯಲ್ಲಿ ಇವತ್ತಿನ ಕಾರುಗಳಂತೆ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕಿನ ಮೇಲೆ ಸ್ಕ್ರೂ ಥರ ಒಂದು ಸುರುಳಿ ತೋಡು ಕೆತ್ತಿರುತ್ತಾರೆ. ಎಂಜಿನ್ ತಿರುಗುವಾಗ ಅದು ಆಯಿಲನ್ನು ಒಳಕ್ಕೆ ತಳ್ಳುತ್ತದೆ. ನಿಂತಾಗ ನಾಲ್ಕು ಹನಿ ಬೀಳುವುದು ಹೊಸ ಕಾರಿನಲ್ಲೂ ಇತ್ತು. ಸೋರಿಕೆ ಈಚೆಗೆ ಜಾಸ್ತಿಯಾಗಿದ್ದರೆ ಮೊದಲು ಬ್ರೀದರ್ ಪೈಪ್ ಕಟ್ಟಿದೆಯೇ ನೋಡಿಸಿ. ಒಳಗಿನ ಗಾಳಿಗೆ ಹೊರಬರಲು ದಾರಿ ಸಿಗದಿದ್ದರೆ ಅದು ಆಯಿಲನ್ನು ಹಿಂದಿನಿಂದ ದೂಡುತ್ತದೆ. ಬ್ರೀದರ್ ಸರಿಯಿದ್ದೂ ಅದರಿಂದ ಹೊಗೆ ಬುಸುಬುಸು ಬರುತ್ತಿದ್ದರೆ ಆಗ ರಿಂಗ್ ಕಡೆ ಅನುಮಾನ ಪಡಬೇಕು.

ನೀರು ಕುದಿಯುವುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ನಮ್ಮ ಕಡೆಯ ಬೋರ್‌ವೆಲ್ ನೀರು ಎಂಥದ್ದು ಅಂತ ನಿಮಗೆ ಗೊತ್ತು. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿದರೆ ತಳದಲ್ಲಿ ಬಿಳಿ ಪದರ ಕೂರುತ್ತದೆ. ಅದೇ ನೀರನ್ನು ಐವತ್ತು ವರ್ಷ ರೇಡಿಯೇಟರ್‌ಗೆ ಸುರಿದರೆ ಬ್ಲಾಕ್ ಒಳಗೆ ಏನಾಗಿರಬೇಡ! ಬೀಡಿನ ತುಕ್ಕು, ಸುಣ್ಣದ ಪದರ ಎರಡೂ ಸೇರಿ ಕೆಸರಾಗುತ್ತದೆ. ಆ ಕೆಸರು ಹಿಂದಿನ ನಾಲ್ಕನೇ ಸಿಲಿಂಡರ್ ಸುತ್ತ ಗಟ್ಟಿಯಾಗಿ ಕೂರುತ್ತದೆ. ಬ್ಲಾಕಿನ ಬದಿಯಲ್ಲಿ ನೀರು ಇಳಿಸುವ ನಲ್ಲಿ ಇದೆ. ತಿರುಗಿಸಿ ನೋಡಿ. ಬಹಳಷ್ಟು ಗಾಡಿಗಳಲ್ಲಿ ಒಂದು ಹನಿ ಬರುವುದಿಲ್ಲ, ತಂತಿ ಹಾಕಿ ಕೆದರಿದರೆ ಕೆಂಪು ರಾಡಿ ಇಳಿಯುತ್ತದೆ. ಅಣ್ಣಿಗೇರಿ ಕಡೆಯ ಒಂದು ಗಾಡಿಯ ವೆಲ್ಶ್ ಪ್ಲಗ್ (ಬ್ಲಾಕಿನ ತೂತು ಮುಚ್ಚುವ ತಗಡಿನ ಬಿಲ್ಲೆ) ತೆಗೆದಾಗ ಒಳಗಿನ ಕೆಸರನ್ನು ಚಮಚದಲ್ಲಿ ತೋಡಬೇಕಾಯಿತು. ಆ ಎಂಜಿನ್ನಿಗೂ 'ಹೋಗಿದೆ' ಅಂತಲೇ ಹೇಳಿದ್ದರು. ತೊಳೆದ ಮೇಲೆ ಅದು ಬಿಸಿ ಆಗಲಿಲ್ಲ.

ಇನ್ನೊಂದು ಮಾತು. ಬಿಸಿಯಾಗುತ್ತದೆ ಅಂತ ಯಾರಾದರೂ ನಿಮ್ಮ ಕಾರಿನ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್) ಕಿತ್ತು ಹಾಕಿದ್ದಾರೆಯೇ ಕೇಳಿ. ನಮ್ಮ ಕಡೆ ಇದೊಂದು ರೂಢಿ. ಅದನ್ನು ತೆಗೆದರೆ ತಂಪಾಗುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಬೆಳಗ್ಗೆ ಎಂಜಿನ್ ತಣ್ಣಗೆ ಓಡಿ ಬೋರ್ ಬೇಗ ಸವೆಯುತ್ತದೆ, ಆಯಿಲ್ ಹಾಳಾಗುತ್ತದೆ. ಕಟ್ಟಿದ ರೇಡಿಯೇಟರ್ ಕಟ್ಟಿದಂತೆಯೇ ಉಳಿಯುತ್ತದೆ.

ಏರಿನಲ್ಲಿ ಬರುವ ಟಕಟಕ ಸದ್ದಿಗೆ ಎರಡು ಕಾರಣ ಇರಬಹುದು. ಎರಡನ್ನೂ ಬೇರೆ ಮಾಡಿ ನೋಡಲೇಬೇಕು. ಮೊದಲನೆಯದು ಟಿಣಿಟಿಣಿ ಅನ್ನುವ ತೆಳ್ಳನೆ ಸದ್ದು. ಎಂಜಿನ್ ಬಿಸಿಯಾದಾಗ, ಪ್ಲಗ್ ಕಿಡಿ ಹಾರುವ ಟೈಮಿಂಗ್ ಮುಂದಿದ್ದಾಗ, ಪಿಸ್ಟನ್ ಮೇಲೆ ಕಾರ್ಬನ್ ಕೂತಾಗ ಪೆಟ್ರೋಲ್ ಹೊತ್ತಿಗೆ ಮುಂಚೆ ಉರಿದು ಬರುತ್ತದೆ. ನಿಮ್ಮ ಕಾರು ಬಿಸಿಯಾದಾಗಲೇ ಸದ್ದು ಬರುತ್ತಿರುವುದರಿಂದ ನನಗೆ ಇದರ ಮೇಲೆಯೇ ಹೆಚ್ಚು ಅನುಮಾನ. ಎರಡನೆಯದು ದಬ್ ದಬ್ ಅಂತ ಕೆಳಗಿನಿಂದ ಬರುವ ದಪ್ಪ ಸದ್ದು. ಅದು ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂರುವ ಜಾಗದ, ಬಿಗ್ ಎಂಡ್ ಬೇರಿಂಗಿನದು. ಎಂಜಿನ್ ಬಿಸಿಯಿರುವಾಗ ಒಂದೊಂದೇ ಪ್ಲಗ್ಗಿನ ಕರೆಂಟ್ ತಪ್ಪಿಸಿ ಕೇಳಿಸಿಕೊಳ್ಳಿ. ಯಾವ ಸಿಲಿಂಡರ್ ತಪ್ಪಿಸಿದಾಗ ದಪ್ಪ ಸದ್ದು ತಗ್ಗುತ್ತದೋ ಅದರ ಬೇರಿಂಗ್ ಸವೆದಿದೆ. ಜೊತೆಗೆ ಆಯಿಲ್ ಪ್ರೆಷರ್ ನೋಡಿ. ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ 15 ಪಿಎಸ್‌ಐ ಆಸುಪಾಸು, ಓಡುವಾಗ 50ರ ಹತ್ತಿರ ಇದ್ದರೆ ಕೆಳಗಿನ ಭಾಗ ಆರೋಗ್ಯವಾಗಿದೆ. ಡ್ಯಾಶ್‌ಬೋರ್ಡಿನ ಹಳೇ ಮೀಟರ್ ನಂಬಬೇಡಿ, ಮೆಕ್ಯಾನಿಕಲ್ ಗೇಜ್ ಹಚ್ಚಿ ನೋಡಿಸಿ.

ಬೇರಿಂಗ್ ಹೋಗಿದ್ದರೂ ಕ್ರ್ಯಾಂಕ್ ಗ್ರೈಂಡ್ ಮಾಡಿ, ತೆಳುವಾದ ಕ್ರ್ಯಾಂಕಿಗೆ ಹೊಂದುವ ಅಂಡರ್‌ಸೈಜ್ ಬೇರಿಂಗ್ ಹಾಕಬಹುದು. ಸದ್ದು ಬಂದ ಮೇಲೆಯೂ ಓಡಿಸುತ್ತಾ ಹೋದರೆ ಮಾತ್ರ ರಾಡ್ ಮುರಿದು ಬ್ಲಾಕ್ ನಿಜಕ್ಕೂ ಹೋಗುತ್ತದೆ. ಆದ್ದರಿಂದ ದಯವಿಟ್ಟು ಪರೀಕ್ಷೆ ಮುಗಿಯುವ ತನಕ ಕಪ್ಪತಗುಡ್ಡದ ಕಡೆ ಹೋಗಬೇಡಿ.

ಈಗ ಗುಜರಿ ಎಂಜಿನ್ ವಿಷಯ. 'ಸ್ಟಾರ್ಟ್ ಮಾಡಿ ತೋರಿಸಿದರು' ಅಂತ ಬರೆದಿದ್ದೀರಿ. ಅದರಿಂದ ನನಗೆ ಸಮಾಧಾನ ಆಗಲಿಲ್ಲ. ಯಾಕೆ ಅಂತ ಹೇಳಬೇಕೆಂದರೆ ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಹೇಳಬೇಕು.

ನಾನು ಸ್ವಂತ ಕೆಲಸ ಶುರು ಮಾಡಿ ಮೂರ್ನಾಲ್ಕು ವರ್ಷ ಆಗಿತ್ತು. ಹಾವೇರಿ ಕಡೆಯ ಶಾಲಾ ಮಾಸ್ತರರೊಬ್ಬರು ಇಂಥದೇ ಅಂಬಾಸಿಡರ್ ತಂದರು. ಅವರಿಗೂ ಅವಸರ, ನನಗೂ ಕೆಲಸ ಜಾಸ್ತಿ. ಒಂದು ಗುಜರಿಯಲ್ಲಿ ಸಿಕ್ಕ ಎಂಜಿನ್ ನಾನೇ ನೋಡಿ ಒಪ್ಪಿದೆ. ಅರ್ಧ ಸುತ್ತು ತಿರುಗುತ್ತಲೇ ಸ್ಟಾರ್ಟ್ ಆಯಿತು. ಸದ್ದಿಲ್ಲ, ಹೊಗೆಯಿಲ್ಲ. ಹಳೇ ಎಂಜಿನ್ ಅದಲು ಬದಲು ಕೊಟ್ಟು ಹೊಸದನ್ನು ಕೂರಿಸಿದೆವು. ಮೂರು ವಾರಕ್ಕೆ ಮಾಸ್ತರರು ಲಾರಿಗೆ ಕಾರು ಕಟ್ಟಿಸಿಕೊಂಡು ಬಂದರು. ಎಂಜಿನ್ನಿನ ತಳದ ಆಯಿಲ್ ತೊಟ್ಟಿ, ಅಂದರೆ ಸಂಪ್ ಬಿಚ್ಚಿದೆ. ದಪ್ಪನೆಯ ಗೇರ್ ಆಯಿಲ್ ಸುರಿದಿದ್ದರು. ಸದ್ದು ಮುಚ್ಚಿಹೋಗಿದ್ದು ಅದರಿಂದ. ಕ್ರ್ಯಾಂಕ್ ಆಗಲೇ ಕೊನೆಯ ಸೈಜಿಗೆ ಗ್ರೈಂಡ್ ಆಗಿತ್ತು. ಬೇರಿಂಗ್ ಬಿಗಿಯಾಗಿ ಕೂರಲಿ ಅಂತ ಹಿಂದೆ ತಗಡಿನ ಚೂರು ಇಟ್ಟಿದ್ದರು. ಸರಿ, ಅವರ ಹಳೇ ಎಂಜಿನ್ನೇ ರಿಪೇರಿ ಮಾಡಿಕೊಡೋಣ ಅಂತ ಗುಜರಿಗೆ ಓಡಿದೆ. ಅಷ್ಟರಲ್ಲಿ ಅದನ್ನು ತೂಕಕ್ಕೆ ಹಾಕಿ ಕರಗಿಸಲು ಕಳಿಸಿಬಿಟ್ಟಿದ್ದರು. ಮಾಸ್ತರರು ನನಗೆ ಒಂದು ಮಾತು ಬೈಯಲಿಲ್ಲ. ಬ್ಲಾಕಿನ ಮೇಲೆ ಅವರ ಆರ್‌ಸಿಯಲ್ಲಿದ್ದ ನಂಬರಿತ್ತು, ಅದು ಮಾತ್ರ ಮತ್ತೆ ಸಿಗಲಿಲ್ಲ. ಅಂದಿನಿಂದ ನಾನು ಯಾರ ಹಳೇ ಎಂಜಿನ್ನನ್ನೂ ಅದಲು ಬದಲಿಗೆ ಬಿಟ್ಟಿಲ್ಲ.

40 ಸಾವಿರ ಕಿಲೋಮೀಟರ್ ಎಂಬ ಮಾತನ್ನು ಹಾಗೇ ಬದಿಗಿಡಿ. ಮೀಟರ್ ಇರುವುದು ಕಾರಿನಲ್ಲಿ, ಎಂಜಿನ್ನಿನಲ್ಲಲ್ಲ. ಹೊರಗೆ ತೆಗೆದಿಟ್ಟ ಎಂಜಿನ್ ಎಷ್ಟು ಓಡಿದೆ ಅಂತ ಯಾರಿಗೂ ಹೇಳಲು ಬರುವುದಿಲ್ಲ. ನಿಜಕ್ಕೂ ಕಡಿಮೆ ಓಡಿ ಹತ್ತು ಮಳೆಗಾಲ ಶೆಡ್ಡಿನಲ್ಲಿ ಬಿದ್ದಿದ್ದರೆ ಅದು ಇನ್ನೂ ಕೆಟ್ಟದ್ದು. ರಿಂಗುಗಳು ಪಿಸ್ಟನ್ನಿಗೆ ಅಂಟಿರುತ್ತವೆ, ಬೋರಿನಲ್ಲಿ ತುಕ್ಕಿನ ಗೆರೆ ಬಿದ್ದಿರುತ್ತದೆ.

ಆದರೂ ಆ ಎಂಜಿನ್ ನೋಡಬೇಡಿ ಅಂತ ನಾನು ಹೇಳುವುದಿಲ್ಲ. ನೋಡಿ, ಸರಿಯಾಗಿ ನೋಡಿ. ಹೋಗುವಾಗ ಕಂಪ್ರೆಷನ್ ಗೇಜ್, ಟಾರ್ಚ್, ಒಂದು ಅಯಸ್ಕಾಂತ, ಪ್ಲಗ್ ಸ್ಪ್ಯಾನರ್, ಚಾರ್ಜ್ ಆದ ಬ್ಯಾಟರಿ ಒಯ್ಯಿರಿ. ಹೋಗುವ ಹೊತ್ತು ಮೊದಲೇ ಹೇಳಬೇಡಿ. ನೀವು ಮುಟ್ಟಿದಾಗ ಎಂಜಿನ್ ತಣ್ಣಗಿರಬೇಕು. ಆಗಲೇ ಬಿಸಿಯಿದ್ದರೆ ಯಾರೋ ನಿಮಗೆ ಮುಂಚೆ ಒದ್ದಾಡಿ ಸ್ಟಾರ್ಟ್ ಮಾಡಿದ್ದಾರೆ.

ಮೊದಲು ನಂಬರ್ ನೋಡಿ. ಗ್ರೀಸ್ ಒರೆಸಿ ಬೆಳಕು ಹಿಡಿಯಿರಿ. ಅಕ್ಷರಗಳ ಸುತ್ತ ಗ್ರೈಂಡರ್ ಗೀರು ಇದ್ದರೆ, ಒಂದು ಅಂಕಿ ಆಳ ಇನ್ನೊಂದು ತೇಲು ಇದ್ದರೆ, ಪ್ಲೇಟಿನ ರಿವೆಟ್ ಹೊಸದಾಗಿದ್ದರೆ ಅಲ್ಲಿಂದಲೇ ಎದ್ದು ಬನ್ನಿ. ಎಂಜಿನ್ ಎಷ್ಟು ಚೆನ್ನಾಗಿದ್ದರೂ ಬೇಡ. ಕದ್ದ ಗಾಡಿಯ ಎಂಜಿನ್ ನಿಮ್ಮ ಅಂಗಳಕ್ಕೆ ಬಂದರೆ ಪೊಲೀಸರು ಕೇಳುವುದು ನಿಮ್ಮನ್ನೇ.

ಆಮೇಲೆ ಆಯಿಲ್. ಡಿಪ್‌ಸ್ಟಿಕ್ ಒರೆಸಿ ಬೆರಳಲ್ಲಿ ತಿಕ್ಕಿ. ಜೇನಿನಂತೆ ಎಳೆ ಬಂದರೆ ನಾನು ಮೇಲೆ ಹೇಳಿದ ಗೇರ್ ಆಯಿಲ್ ನೆನಪಿರಲಿ. ಕೆನೆ ಬಣ್ಣದ ನೊರೆ ಇದ್ದರೆ ನೀರು ಬೆರೆತಿದೆ. ಹೆಡ್ ಮೇಲಿನ ಮುಚ್ಚಳ, ರಾಕರ್ ಕವರ್ ತೆಗೆಸಿ. ಒಳಗೆ ಕಪ್ಪು ಜಿಡ್ಡು ಡಾಂಬರಿನಂತೆ ಕೂತಿದ್ದರೆ ಆಯಿಲ್ ಬದಲಿಸದೆ ಓಡಿಸಿದ ಗಾಡಿ. ಮುಂದಿನ ಪುಲ್ಲಿ ಹಿಡಿದು ಹಿಂದೆ ಮುಂದೆ ಎಳೆದಾಡಿ. ಕೈಗೆ ಟಕ್ ಅಂತ ಆಟ ಸಿಕ್ಕರೆ ಕ್ರ್ಯಾಂಕ್ ಹಿಂದೆ ಮುಂದೆ ಜರುಗದಂತೆ ತಡೆಯುವ ಥ್ರಸ್ಟ್ ವಾಷರ್ ಸವೆದಿವೆ.

ಕಂಪ್ರೆಷನ್ ನೋಡುವಾಗ ನಾಲ್ಕೂ ಪ್ಲಗ್ ಹೊರಗಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ, ಎಂಜಿನ್ ಐದಾರು ಸುತ್ತು ತಿರುಗಲಿ. ಈ ಹಳೇ ಕಡಿಮೆ ಕಂಪ್ರೆಷನ್ ಎಂಜಿನ್ನುಗಳಲ್ಲಿ 110ರಿಂದ 140 ಪಿಎಸ್‌ಐ ಬಂದರೆ ನಾನು ತೃಪ್ತಿ ಪಡುತ್ತೇನೆ. ಅಂಕಿಗಿಂತ ಮುಖ್ಯ ನಾಲ್ಕರ ನಡುವಿನ ಅಂತರ. ನೂರಕ್ಕೆ ಹತ್ತು ಹದಿನೈದರ ಒಳಗಿರಬೇಕು. ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗಿನ ದೋಷ. ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್. ಈ ಹೆಡ್ಡಿನಲ್ಲಿ ಎರಡು ಮತ್ತು ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವುಗಳು ಅಕ್ಕಪಕ್ಕ ಇವೆ, ಹೊಗೆ ಹೋಗುವ ದಾರಿಯೂ ಒಂದೇ. ಬಿಸಿ ಅಲ್ಲೇ ಜಾಸ್ತಿ. ಬಿಸಿಯಾಗಿ ಕುದಿದ ಗಾಡಿಗಳಲ್ಲಿ ಬಿರುಕು ಮೊದಲು ಹುಡುಕಬೇಕಾದ ಜಾಗ ಅದು. ಅಂದಹಾಗೆ, ಇದೇ ಪರೀಕ್ಷೆಯನ್ನು ಮೊದಲು ನಿಮ್ಮ ಎಂಜಿನ್ನಿಗೇ ಮಾಡಿಸಿ. ಅರ್ಧ ಗಂಟೆಯ ಕೆಲಸ.

ಕೊನೆಗೆ ಸಂಪ್ ಬಿಚ್ಚಿ ಒಂದು ಬಿಗ್ ಎಂಡ್ ಕ್ಯಾಪ್ ತೆಗೆದು ತೋರಿಸಿ ಅಂತ ಕೇಳಿ. ಬೇರಿಂಗ್ ಹಿಂಬದಿಯಲ್ಲಿ ಸೈಜ್ ಬರೆದಿರುತ್ತದೆ. ತಳದ ಆಯಿಲಿನಲ್ಲಿ ಅಯಸ್ಕಾಂತ ಆಡಿಸಿ. ಉಕ್ಕಿನ ಚೂರು ಅಂಟುತ್ತದೆಯೇ ನೋಡಿ. ಬೇರಿಂಗಿನ ಮೆತ್ತನೆ ಲೋಹ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಅದಕ್ಕೆ ಕಣ್ಣೇ ಬೇಕು. ಬಿಸಿಲಿಗೆ ಹಿಡಿದಾಗ ಆಯಿಲ್ ಮಿನುಗುತ್ತದೆ. ಸಂಪ್ ಬಿಚ್ಚಲು ಬಿಡುವುದಿಲ್ಲ ಅಂದರೆ ಜಗಳ ಬೇಡ. ಅವರ ಎಂಜಿನ್ ಅವರಿಗಿರಲಿ. ಒಳ್ಳೆಯ ಗುಜರಿಯವರೂ ನಮ್ಮಲ್ಲಿದ್ದಾರೆ. ತಾವೇ ಸ್ಪ್ಯಾನರ್ ಕೊಟ್ಟು, ಬೇಕಾದ್ದು ಬಿಚ್ಚಿ ನೋಡ್ರಿ ಅನ್ನುತ್ತಾರೆ.

ಕಾಗದದ ವಿಷಯದಲ್ಲಿ ಸಡಿಲ ಬಿಡಬೇಡಿ. ಎಂಜಿನ್ ನಂಬರ್ ಬರೆದ ಬಿಲ್ ಬೇಕು. ಅದು ಯಾವ ಗಾಡಿಯಿಂದ ಬಂತೋ ಆ ಗಾಡಿಯ ಆರ್‌ಸಿ ನಕಲು, ಅದನ್ನು ಗುಜರಿಗೆ ಹಾಕಿ ನೋಂದಣಿ ರದ್ದಾದ ದಾಖಲೆ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಎಂಜಿನ್ ಬದಲಿಸಿದರೆ 14 ದಿನಗಳ ಒಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ತಿದ್ದಿಸಬೇಕು. ನನ್ನ ಸಲಹೆ, ಕೂರಿಸುವ ಮೊದಲೇ ಗದಗ ಆರ್‌ಟಿಒ ಕಚೇರಿಗೆ ಹೋಗಿ ಅವರಿಗೆ ಯಾವ ಕಾಗದ ಬೇಕು ಅಂತ ಕೇಳಿ ಬನ್ನಿ. ನಿಮ್ಮ ಕಾರು ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣಕ್ಕೆ ಹೋಗಬೇಕಲ್ಲ, ಆಗ ಇನ್‌ಸ್ಪೆಕ್ಟರ್ ಎಂಜಿನ್ ನಂಬರ್ ತಾಳೆ ನೋಡುತ್ತಾರೆ. ವಿಮೆಯವರಿಗೂ ತಿಳಿಸಿ. ಅಪಘಾತವಾದ ದಿನ ನಂಬರ್ ತಾಳೆಯಾಗದಿದ್ದರೆ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ. ಕೆಲವರು 'ಹಳೇ ನಂಬರನ್ನೇ ಹೊಸ ಬ್ಲಾಕಿನ ಮೇಲೆ ಹೊಡೆದುಕೊಡ್ತೀವಿ' ಅನ್ನುತ್ತಾರೆ. ಅದು ಅಪರಾಧ. ಆ ಮಾತು ಆಡಿದವರ ಹತ್ತಿರ ಬೇರೆ ಕೆಲಸವನ್ನೂ ಮಾಡಿಸಬೇಡಿ.

ವಿಂಟೇಜ್ ನೋಂದಣಿ ಬಗ್ಗೆ ಕೇಳಿದ್ದೀರಿ. 2021ರಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ನಿಮ್ಮದು ದಾಟಿದೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಇವುಗಳಲ್ಲಿ ಮಾರ್ಪಾಡು ಆಗಿರಬಾರದು. ಬೇರೆ ಗಾಡಿಯ ಎಂಜಿನ್ ಕೂತ ಮೇಲೆ ಇದು ಮೂಲ ರೂಪ ಅಂತ ವಾದಿಸುವುದು ಕಷ್ಟ. ಮೆಟಡೋರ್ ಎಂಜಿನ್ ಕೂರಿಸಿದರೆ ಆ ಬಾಗಿಲು ಮುಚ್ಚಿತು. ಇನ್ನೊಂದು ಸಂಗತಿ ನಿಮ್ಮ ಅಪ್ಪನಿಗೆ ಮೊದಲೇ ತಿಳಿಸಿ. ವಿಂಟೇಜ್ ಆದ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥವಕ್ಕೆ ಮಾತ್ರ ಅವಕಾಶ. ಅಪ್ಪ ಇದರಲ್ಲಿ ತೋಂಟದಾರ್ಯ ಮಠಕ್ಕೂ ಹೋಗಬೇಕು, ಮದುವೆಗೂ ಹೋಗಬೇಕು ಅಂದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಒಳ್ಳೆಯದು. ಮೂಲ ಎಂಜಿನ್ ಉಳಿಸಿಕೊಂಡಿದ್ದರೆ ವಿಂಟೇಜ್ ವಿಚಾರ ಮುಂದೆ ಯಾವಾಗ ಬೇಕಾದರೂ ಮಾಡಬಹುದು.

ಮೆಟಡೋರ್ ಡೀಸೆಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬಾಡಿಗೆ ಗಾಡಿಗಳ ಕಾಲದಲ್ಲಿ ಡೀಸೆಲ್ ಅಗ್ಗವಿತ್ತು, ದಿನಕ್ಕೆ ನೂರಾರು ಕಿಲೋಮೀಟರ್ ಓಡುತ್ತಿದ್ದವು, ಅದಕ್ಕೆ ಹಾಕಿಸುತ್ತಿದ್ದರು. ನೀವು ತಿಂಗಳಿಗೆ ಎಷ್ಟು ಓಡಿಸುತ್ತೀರಿ? ಆ ಎಂಜಿನ್ ಭಾರ. ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ತಗ್ಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಕೂರಿಸಲು ಮೌಂಟಿಂಗ್ ಕೊಯ್ದು ಬೆಸೆಯಬೇಕು. ಒಮ್ಮೆ ಕೊಯ್ದ ಚಾಸಿ ಮತ್ತೆ ಮೊದಲಿನಂತಾಗುವುದಿಲ್ಲ. ಇಂಧನ ಬದಲಿಸಲು ಆರ್‌ಟಿಒ ಅನುಮತಿ ಬೇರೆ ಬೇಕು. ನಿಮಗೆ ಇದು ಬೇಡವೇ ಬೇಡ. ಇಸುಜು 1800 ಪೆಟ್ರೋಲ್ ಎಂಜಿನ್ ಸಿಗುತ್ತದೆ ಅಂತಲೂ ಯಾರಾದರೂ ಹೇಳಬಹುದು. ಎಂಜಿನ್ ಒಳ್ಳೆಯದೇ. ಆದರೆ ಅದರ ಜೊತೆ ಐದು ಗೇರಿನ ಗೇರ್‌ಬಾಕ್ಸೂ ಬರಬೇಕು, ನಿಮ್ಮ ಅಪ್ಪ ಕಲಿತ, ಸ್ಟೀರಿಂಗ್ ಪಕ್ಕದ ಗೇರ್ ಲಿವರ್ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಈ ವಾರ ಕಂಪ್ರೆಷನ್, ಆಯಿಲ್ ಪ್ರೆಷರ್ ಎರಡೂ ನೋಡಿಸುತ್ತಿದ್ದೆ. ರೇಡಿಯೇಟರ್ ಬಿಚ್ಚಿಸಿ ಅದರ ಕೊಳವೆಗಳಲ್ಲಿ ಸಲಾಕೆ ಆಡಿಸಿ ಕಸ ತೆಗೆಸಿ, ಬ್ಲಾಕ್ ತೊಳೆಸಿ, ಥರ್ಮೋಸ್ಟ್ಯಾಟ್ ಹಾಕಿಸಿ, ಟೈಮಿಂಗ್ ಸರಿ ಮಾಡಿಸುತ್ತಿದ್ದೆ. ಪ್ರೆಷರ್ ಚೆನ್ನಾಗಿದ್ದು ಸದ್ದು ನಿಂತರೆ ಹೆಡ್ ಕೆಲಸ ಒಂದೇ ಸಾಕು. ಹೆಡ್ ಹೇಗೂ ಬಿಚ್ಚುವುದರಿಂದ ಎಕ್ಸಾಸ್ಟ್ ವಾಲ್ವ್ ಮುಚ್ಚಿ ಕೂರುವ ಜಾಗಕ್ಕೆ ಗಟ್ಟಿ ಸೀಟ್ ಕೂರಿಸಿಬಿಡಿ. ಈ ಹೆಡ್ಡು ಸೀಸ ಬೆರೆತ ಪೆಟ್ರೋಲಿನ ಕಾಲದ್ದು. 2000ದಲ್ಲಿ ಅದು ದೇಶದಲ್ಲೆಲ್ಲ ನಿಂತಿತು. ಸೀಸವಿಲ್ಲದ ಪೆಟ್ರೋಲಿನಲ್ಲಿ ಬೀಡಿನ ಸೀಟ್ ನಿಧಾನವಾಗಿ ತಗ್ಗುತ್ತಾ ಹೋಗುತ್ತದೆ. ಈಗ ಬರುವ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇದೆ. ಅದು ಹಳೇ ರಬ್ಬರ್ ತಿನ್ನುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಾಮ್, ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿಯ ಭಯ ಇದೆ, ಇದನ್ನು ಮುಂದಕ್ಕೆ ಹಾಕಬೇಡಿ.

ಪ್ರೆಷರ್ ಕಡಿಮೆ ಬಂದರೆ ಎಂಜಿನ್ ಇಳಿಸಲೇಬೇಕು. ಆಗಲೂ 70 ಸಾವಿರ ಎಂಬ ಒಂದೇ ಅಂಕಿಗೆ ಒಪ್ಪಬೇಡಿ. ಲೇತ್ ಕೆಲಸ ಎಷ್ಟು, ಸಾಮಾನು ಎಷ್ಟು, ಕೂಲಿ ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿ. ಬಿಚ್ಚಿದ ಮೇಲೆ ಅಳತೆ ನೋಡಿಯೇ ಬೋರ್ ಸೈಜ್ ತೀರ್ಮಾನವಾಗಬೇಕು. ಒಂದು ಎಚ್ಚರಿಕೆ ಇರಲಿ. ಪಿಸ್ಟನ್ ಸೆಟ್ ಕೈಗೆ ಬರುವ ತನಕ ಬೋರ್ ಮಾಡಿಸಬೇಡಿ. ಇವು ಈಗ ಎಲ್ಲ ಸೈಜಿನಲ್ಲೂ ಸುಲಭವಾಗಿ ಸಿಗುವುದಿಲ್ಲ. 20 ಸೈಜಿಗೆ ಬೋರ್ ಮಾಡಿಸಿ, ಅಂಗಡಿಯಲ್ಲಿ 40 ಮಾತ್ರ ಇದೆ ಅಂದರೆ ಎರಡು ಸಲ ಲೋಹ ತೆಗೆದಂತಾಗುತ್ತದೆ. ಹೆಡ್ಡನ್ನೂ ಬ್ಲಾಕನ್ನೂ ನೀರಿನ ಒತ್ತಡದಲ್ಲಿ ಪರೀಕ್ಷೆ ಮಾಡಿಸಿ, ಕ್ರ್ಯಾಂಕಿಗೆ ಬಿರುಕು ಇದೆಯೇ ಅಂತ ಬಣ್ಣದ ಡೈ ಹಾಕಿ ನೋಡಿಸಿ.

ಆ ಗುಜರಿ ಎಂಜಿನ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ. ನಿಮ್ಮ ಕ್ರ್ಯಾಂಕ್ ಬಿರುಕು ಬಿಟ್ಟಿದೆ, ಇಲ್ಲವೇ ಹೆಡ್ ಉಳಿಯುವಂತಿಲ್ಲ ಅಂತ ಗೊತ್ತಾದರೆ ಅದನ್ನು ಬಿಡಿಭಾಗಕ್ಕೆ ಅಂತ ಕೊಳ್ಳಿ. ಹೆಡ್, ಕ್ರ್ಯಾಂಕ್, ಆಯಿಲ್ ಪಂಪ್, ಮ್ಯಾನಿಫೋಲ್ಡ್ ಎಲ್ಲ ಸಿಗುತ್ತದೆ. ಬ್ಲಾಕ್ ನಿಮ್ಮದೇ ಉಳಿಯುತ್ತದೆ, ನಂಬರ್ ನಿಮ್ಮದೇ ಉಳಿಯುತ್ತದೆ. ಬಿಡಿಭಾಗದ ಲೆಕ್ಕದಲ್ಲಿ ಮಾತಾಡಿದರೆ 30 ಸಾವಿರದ ಬೆಲೆಯೂ ಇಳಿಯುತ್ತದೆ. ಬಿಲ್ ಮಾತ್ರ ಆಗಲೂ ತಪ್ಪದೆ ತೆಗೆದುಕೊಳ್ಳಿ. ನಿಮ್ಮ ಬ್ಲಾಕೇ ಒಡೆದು ಹೋಗಿದೆ ಅಂತ ಕಣ್ಣಾರೆ ಕಂಡರೆ ಮಾತ್ರ ಪೂರ್ತಿ ಎಂಜಿನ್ ಕೂರಿಸಿ. ಆಗಲೂ ಕೂರಿಸುವ ಮೊದಲು ಬಿಚ್ಚಿ, ರಿಂಗ್ ಬೇರಿಂಗ್ ಹೊಸದು ಹಾಕಿ. ಹಿಂದಿನ ಪ್ಲೇಟ್, ಫ್ಲೈವೀಲ್ ನಿಮ್ಮ ಗೇರ್‌ಬಾಕ್ಸಿಗೆ ಹೊಂದುತ್ತವೆಯೇ ಅಂತ ನೆಲದ ಮೇಲೇ ಇಟ್ಟು ನೋಡಿ. ನಿಮ್ಮ ಒಡೆದ ಬ್ಲಾಕನ್ನೂ ಮನೆಯ ಮೂಲೆಯಲ್ಲಿಡಿ.

ಮದುವೆಗೆ ನಾಲ್ಕು ತಿಂಗಳಿದೆ. ಸಾಮಾನು ಸಿಕ್ಕರೆ ಎಂಜಿನ್ ಕೆಲಸಕ್ಕೆ ಒಂದು ತಿಂಗಳು ಹಿಡಿಯಿರಿ, ಸಾಮಾನು ಹುಡುಕಲು ಇನ್ನೊಂದು. ಉಳಿದದ್ದು ಓಡಿಸಿ ಪಳಗಿಸಲು. ಹೊಸ ರಿಂಗ್ ಹಾಕಿದ ಎಂಜಿನ್ನನ್ನು ಮದುವೆಯ ಹಿಂದಿನ ದಿನ ಮೊದಲ ಸಲ ರಸ್ತೆಗೆ ತರಬಾರದು. ಗದಗ ಅಣ್ಣಿಗೇರಿ ನಡುವೆ ವಾರಕ್ಕೆರಡು ಸಲ ಓಡಿಸಿ. ನಿಂತಲ್ಲೇ ಗಂಟೆಗಟ್ಟಲೆ ಐಡ್ಲಿಂಗ್ ಬಿಡಬೇಡಿ. ಹಾಗೆ ಮಾಡಿದರೆ ರಿಂಗ್ ಕೂರುವುದಿಲ್ಲ. ವೇಗ ಒಂದೇ ಸಮ ಹಿಡಿಯದೆ ಏರಿಸಿ ಇಳಿಸಿ ಓಡಿಸಿ. 500 ಕಿಲೋಮೀಟರಿಗೆ ಆಯಿಲ್ ಬದಲಿಸಿ, ಹೆಡ್ ಬೋಲ್ಟ್ ಟಾರ್ಕ್ ನೋಡಿಸಿ, ಟ್ಯಾಪೆಟ್ ಅಂದರೆ ವಾಲ್ವಿನ ಸಂದನ್ನು ಮತ್ತೆ 15 ತೌಗೆ (ಇಂಚಿನ ಸಾವಿರ ಪಾಲಿನಲ್ಲಿ 15 ಪಾಲು) ಇಡಿಸಿ. ಮದುವೆ ದಿನ ಮೆರವಣಿಗೆಯಲ್ಲಿ ಕಾರು ನಡಿಗೆಯ ವೇಗದಲ್ಲಿ ಹೋಗುತ್ತದೆ. ಬಿಸಿಯಾಗುವುದು ಅಲ್ಲೇ. ಮೊದಲೇ ಒಂದು ಸಂಜೆ ಮನೆ ಮುಂದೆ ಅರ್ಧ ಗಂಟೆ ಹಾಗೆ ಓಡಿಸಿ ಮೀಟರ್ ನೋಡಿಕೊಳ್ಳಿ.

ನಿಮ್ಮ ಮೆಕ್ಯಾನಿಕ್ ಮೇಲೆ ಸಿಟ್ಟಾಗಬೇಡಿ. ಬೇರೆ ಎಂಜಿನ್ ಕೂರಿಸುವುದು ಎರಡು ದಿನದ ಕೆಲಸ. ಹಳೆಯದನ್ನು ಎಬ್ಬಿಸಲು ಒಂದು ತಿಂಗಳು ಅವರ ಶೆಡ್ಡಿನ ಜಾಗ ಹೋಗುತ್ತದೆ. ಅದಕ್ಕೆ ತಕ್ಕ ಕೂಲಿ ಕೊಡುತ್ತೇನೆ ಅಂತ ಮೊದಲೇ ಮಾತಾಡಿದರೆ ಅವರೇ ಮುಂದೆ ನಿಂತು ಮಾಡಿಕೊಡಬಹುದು.

ನಾಳೆ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಬ್ಲಾಕಿನ ಬದಿಯ ನಲ್ಲಿ ತೆಗೆದು ನೀರನ್ನು ಬಿಳಿ ಬಕೆಟ್ಟಿಗೆ ಇಳಿಸಿ. ಅದರ ಬಣ್ಣ, ನಾಲ್ಕು ಸಿಲಿಂಡರಿನ ಕಂಪ್ರೆಷನ್ ಅಂಕಿ, ಬಿಸಿ ಐಡ್ಲಿಂಗಿನ ಆಯಿಲ್ ಪ್ರೆಷರ್ ಈ ಮೂರನ್ನು ಬರೆದು ಕಳಿಸಿ. ಹೆಡ್ ಬಿಚ್ಚಬೇಕೋ, ಎಂಜಿನ್ ಪೂರ್ತಿ ಇಳಿಸಬೇಕೋ ಅಂತ ಅದನ್ನು ನೋಡಿ ಹೇಳುತ್ತೇನೆ.